ಸೆಕೆಂಡ್ಸ್ ಸೀಟು

ಬಿಸ್ಕತ್ತಿನ ವಾಸನೆ, ಹೌದು, ಹಾಲಿನಲ್ಲಿ ಅದ್ದಿ ಮೆತ್ತಗಾದ ಬಿಸ್ಕತ್ತಿನದೇ, ಉಷಾರಾಣಿ ಇನ್ನೊಂದು ಸಲ ಮೂಗು ತಗ್ಗಿಸಿ ಎಳೆದುಕೊಂಡಳು, ಕೊಳಕು ನಾತವಲ್ಲ, ಯಾವುದೋ ಮಗು ಕೂತು ತಿಂದ ವಾಸನೆ, ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚಿರಬೇಕು, ಹೊಲಿಗೆಯ ಸಂದಿನಲ್ಲಿ ಪುಡಿ ಇನ್ನೂ ಇದೆ — ಹುಣಸೂರಿನ ಬೈಪಾಸ್ ಬದಿಯ ದೇವಯ್ಯನ ಗುಜರಿ ಅಂಗಡಿಯಲ್ಲಿ, ಬಿಚ್ಚಿಟ್ಟ ಬಾಗಿಲು, ಬಂಪರು, ಟೈರುಗಳ ನಡುವೆ, ಅರವತ್ತರ ಹೆಂಗಸೊಬ್ಬಳು ಮಗು ಕೂರುವ ಕಾರ್ ಸೀಟಿನೊಳಗೆ ಮೂಗು ತೂರಿಸಿ ನಿಂತಿದ್ದಾಳೆ, ನೋಡಿದವರು ಏನಂದುಕೊಂಡಾರು, ಅಂದುಕೊಳ್ಳಲಿ, ಕಾರು ಕಲಿಯುವಾಗ ಕಂಪಲಾಪುರದ ಟೀ ಅಂಗಡಿಯ ಬೆಂಚು ತುಂಬ ಕೂತು ನೋಡಿದ್ದಾರಲ್ಲ, ಉಷಾರಾಣಮ್ಮ ಬತ್ತಾವ್ರೆ, ಎಮ್ಮೆ ಕಟ್ಕಳ್ರಲಾ ಅಂತ ಕೂಗಿದ್ದಾರಲ್ಲ, ಅದಕ್ಕಿಂತ ಹೆಚ್ಚಿಗೆ ಏನಾದೀತು. ಯಜಮಾನರು ಕಣ್ಣಿನ ಆಪರೇಷನ್ ಆಗಿ ಸ್ಟಿಯರಿಂಗ್ ಬಿಟ್ಟ ಮೇಲೆ ಕಾರು ಅವಳ ಕೈಗೆ ಬಂತು, ಅದೂ ಸೆಕೆಂಡ್ಸ್ ಗಾಡಿಯೇ, ಏನು ಕೊರತೆಯಾಗಿದೆ ಈಗ? ಮಗಳು ಪೂಜಾ ಫೋನಿನಲ್ಲಿ ಹೇಳಿದ್ದೂ ಅದೇ ತಾನೆ, ಅಮ್ಮಾ, ನಮ್ ಕಾರಲ್ಲಿ ಒಂದಿದೆ, ನಿನ್ ಕಾರಿಗೂ ಒಂದು ಸೆಕೆಂಡ್ ಸೀಟ್ ತಗೊಂಬುಡು, ಸೀಟಿಲ್ದೆ ಪಾಪು ನಿನ್ ಕಾರು ಹತ್ತಲ್ಲ, ಅಷ್ಟೆ. ಮೊದಲು ಉರಿದುಹೋಗಿತ್ತು, ನಿನ್ನನ್ನು ಯಾವ ಸೀಟಲ್ಲಿ ಕೂರಿಸಿ ದೊಡ್ಡವಳನ್ನು ಮಾಡಿದೆನೇ ಅಂತ ಬಾಯಿಗೆ ಬಂದಿತ್ತು, ಆದರೆ ಆ ಸೆಕೆಂಡ್ ಅನ್ನುವ ಮಾತು ಕೇಳಿ ತಣ್ಣಗಾದಳು, ಬ್ಯಾಂಕಿನ ಕೆಲಸಕ್ಕೆ ಹೋದರೂ ಮಗಳು ಮನೆಯ ಪದ್ಧತಿ ಮರೆತಿಲ್ಲ, ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಯಾರು ಹಾಕುತ್ತಾರೆ, ಅಜ್ಜಿಯ ಹಳೇ ಸೀರೆ ಹರಿದೇ ಹೊದಿಸುವುದು, ತೊಟ್ಟಿಲೂ ಅಷ್ಟೆ, ಬೆಟ್ಟದಪುರದ ಚಿಕ್ಕಬಸಪ್ಪನವರ ಮನೆಯದು, ಅದರಲ್ಲಿ ಮಲಗಿದ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಬೆಳೆದಿದ್ದಾರೆ ಅಂತ ಕೇಳಿಕೊಂಡು ಹೋಗಿ ತರುತ್ತಿದ್ದರು. ಹಾಗಾದ ಮೇಲೆ ಸೀಟೊಂದು ಯಾಕೆ ಹೊಸದಾಗಿರಬೇಕು.

ಆದರೆ ಇದರ ಒಳಗು ಎಂಥದು, ಅದು ತಿಳಿಯಬೇಕು, ಎರಡು ಪಟ್ಟಿ ಭುಜದಿಂದ ಇಳಿಯುತ್ತವೆ, ಎರಡು ಸೊಂಟದಿಂದ, ಒಂದು ಕಾಲ ನಡುವಿನಿಂದ, ಎಲ್ಲ ಬಂದು ಹೊಟ್ಟೆಯ ಮೇಲೆ ಒಂದು ಕೆಂಪು ಗುಂಡಿಗೆ ಸೇರುತ್ತವೆ, ಟಕ್ ಅಂತ ಕೂರುತ್ತದೆ, ಬಿಚ್ಚಲು ಒತ್ತಿದರೆ ಅವಳ ಹೆಬ್ಬೆರಳೇ ಸೋಲುತ್ತದೆ, ಯಾಕಿಷ್ಟು ಬಿಗಿ — ಓ, ಮಗು ತಾನೇ ಬಿಚ್ಚಿಕೊಳ್ಳಬಾರದಲ್ಲ, ಮಾಡಿದವನು ತಲೆ ಓಡಿಸಿದ್ದಾನೆ, ಅವನ ಮನೆಯಲ್ಲೂ ಒಂದು ತುಂಟ ಇದ್ದಿರಬೇಕು. ದೇವಯ್ಯ ಹೇಳುತ್ತಿದ್ದಾನೆ, ಇಂದ್ಮುಂದಾಗಿ ಕೂರುಸ್ಬೇಕಂತೆ ಕಣವ್ವ, ಮಗ ಇಂದಕ್ಕೆ ನೋಡ್ಕಂಡು ಓಯ್ತದೆ. ಯಾಕಪ್ಪ ಹಾಗೆ? ಯಾಕೋ ನಂಗೇನ್ ಗೊತ್ತವ್ವ, ಮಾಡ್ದೋರು ಅಂಗೆ ಮಾಡವ್ರೆ. ಹಿಂದಕ್ಕೆ ನೋಡಿಕೊಂಡು ಹೋಗುವುದೆಂದರೆ, ಬರುವ ಊರು ಕಾಣದೆ ಬಿಟ್ಟ ಊರೇ ಕಾಣುತ್ತದೆ, ಪಾಪ, ಕೂಸಿಗೆ ಅದೇನು ಖುಷಿ — ಆದರೆ ತಾಳು, ಪಿರಿಯಾಪಟ್ಟಣದ ಪ್ರೈವೇಟ್ ಬಸ್ಸಿನಲ್ಲಿ ಡ್ರೈವರಿನ ಪಕ್ಕ ಹಿಂದುಮುಖ ಮಾಡಿಕೊಂಡು ಕೂರುವ ಸೀಟೊಂದಿತ್ತಲ್ಲ, ಅಲ್ಲಿ ಕೂತವಳು ತಾನು, ಬ್ರೇಕ್ ಬಿದ್ದಾಗ ಎದುರಿನವರೆಲ್ಲ ಮುಗ್ಗರಿಸಿ ಅವಳ ಮಂಡಿಯ ಮೇಲೆ ಬಿದ್ದರು, ತರಕಾರಿ ಚೀಲದವನು, ಕೋಳಿ ಹಿಡಿದವಳು, ಅವಳು ಮಾತ್ರ ಬೆನ್ನಾನಿಸಿಕೊಂಡು ಕೂತಲ್ಲೇ ಇದ್ದಳು, ಸೀಟೇ ಹಿಡಿದುಕೊಂಡಿತ್ತು. ಅಯ್ಯೋ ಶಿವನೆ, ಇಷ್ಟೇನಾ ಗುಟ್ಟು, ಪೂಜಾ ಎಂದಾದರೂ ಬಿಡಿಸಿ ಹೇಳಿದ್ದರೆ ತಾನು ಉರಿದುಬೀಳುತ್ತಲೇ ಇರಲಿಲ್ಲ. ಹೊರಗೆ ಕಾರಿನಲ್ಲಿ ಕೂತ ಯಜಮಾನರು, ರೇಣುಕಾಪ್ರಸಾದರು, ಕಪ್ಪು ಕನ್ನಡಕದೊಳಗಿಂದ ಕೂಗುತ್ತಿದ್ದಾರೆ, ಸೀರೆ ಆರಿಸ್ದಂಗೆ ಆರಿಸ್ತಿದೀಯಲ್ಲೇ, ಕತ್ಲಾಯ್ತದೆ ಬಾ. ಬತ್ತೀನಿ ಇರ್ರೀ ಅಂದಳು, ಆದರೆ ಕೈ ಇನ್ನೂ ಪಟ್ಟಿಯ ಮೇಲೆಯೇ ಇತ್ತು.

ಭುಜದ ಪಟ್ಟಿ ಮೇಲಿನಿಂದ ಎರಡನೆಯ ತೂತಿನಲ್ಲಿದೆ, ಅಂದರೆ ಪಾಪುವಿಗಿಂತ ತುಸು ಉದ್ದದ ಮಗು, ಗಂಡೋ ಹೆಣ್ಣೋ, ಬಿಸ್ಕತ್ತು ಯಾವ ಕೈಯಲ್ಲಿ ಹಿಡಿಯುತ್ತಿತ್ತೋ. ಯಾರ ಮನೇದು ದೇವಯ್ಯ ಇದು? ಯಾರ್ದೋ ಕಣವ್ವ, ಗಾಡಿ ಗುಜರಿಗೆ ಬಂತು, ಅದ್ರ ಜೊತೇಲಿ ಬಂತು. ಚೆನ್ನಾಗಿರೋ ಸೀಟು ಯಾಕೆ ಬಿಟ್ಟರು? ಅವನು ತಲೆ ಕೆರೆದುಕೊಂಡ, ಆಮೇಲೆ ತಾನೇ ಹೇಳಿದ, ಸುಳ್ಳು ಹೇಳುವವನಲ್ಲ, ಗಾಡಿ ಮರಕ್ಕೆ ಒಡ್ದಿತ್ತು ಕಣವ್ವ, ಮುಂದ್ಗಡೆ ಎಲ್ಲಾ ಓಗ್ಬುಟ್ಟಿತ್ತು, ಆದ್ರೆ ಮಗೀಗೆ ಒಂದ್ ಗೀರೂ ಆಗಿಲ್ವಂತೆ, ಇದ್ರಲ್ಲೇ ಕುಂತಿತ್ತಂತೆ, ಎತ್ಕಂಡಾಗ ಅಳ್ತಾನೂ ಇರ್ಲಿಲ್ವಂತೆ. ಸೀಟಿನಿಂದ ಕೈ ಹಿಂದೆಗೆದಳು, ಮರುಕ್ಷಣವೇ ಎದೆ ಉಬ್ಬಿತು, ಹಾಗಿದ್ದರೆ ಇದು ಮಗುವನ್ನು ಉಳಿಸಿದ ಸೀಟು, ಗೆದ್ದು ಬಂದ ಸೀಟು, ಚಿಕ್ಕಬಸಪ್ಪನವರ ತೊಟ್ಟಿಲಿಗಿಂತ ಒಂದು ಕೈ ಮೇಲು, ಇಂಥದನ್ನು ಬಿಟ್ಟು ಯಾವ ಮಗುವೂ ಕೂರದ ಸೀಟನ್ನು ನಂಬುವುದೇ? ಇವತ್ತು ಸಂಜೆಯೊಳಗೆ ಬೇಕು, ಅದೂ ಇದೆ. ನಾಳೆ ಪೂಜಾಳ ರಜೆ ಮುಗಿಯುತ್ತದೆ, ಸೀಟಿದ್ದರೆ ಪಾಪು ದಿನಾ ಬೆಳಿಗ್ಗೆ ಅಜ್ಜಿಯ ಕಾರಿನಲ್ಲಿ ಕಂಪಲಾಪುರಕ್ಕೆ, ಅಜ್ಜಿಯ ಮನೆಗೆ, ಇಲ್ಲದಿದ್ದರೆ ಇವತ್ತೇ ಅಳಿಯಂದಿರು ಕಾಂತರಾಜ್ ಅವರ ಕಾರಿನಲ್ಲಿ ಚುಂಚನಕಟ್ಟೆಗೆ, ಬೀಗಿತ್ತಿ ವೀರಮ್ಮನ ಮನೆಗೆ, ಅಷ್ಟು ದೂರ ದಿನಾ ಓಡಾಡಲಾಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಹೊಸ ಸೀಟು ಹುಣಸೂರಿನಲ್ಲಿ ಸಿಗಲಿಲ್ಲ, ತರಿಸಿದರೆ ವಾರ ಹಿಡಿಯುತ್ತದೆ, ಮೈಸೂರಿಗೆ ಹೋಗೋಣವೆಂದರೆ ಬಿಳಿಕೆರೆ ದಾಟಿ ಅವಳು ಇನ್ನೂ ಓಡಿಸಿಲ್ಲ, ವಾರದಲ್ಲಿ ಮಗು ಒಂದು ಮಡಿಲಿಗೆ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಇವಳ ಮುಖ ನೋಡಿದರೆ ತುಟಿ ಡೊಂಕು ಮಾಡುತ್ತದೆ, ವೀರಮ್ಮ ಒಳ್ಳೆಯವರೇ, ದೇವರಂಥವರು, ಆದರೂ ಬೇಡ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಯಾರ ಹತ್ತಿರ ಮುಚ್ಚಿಡಬೇಕು.

ಕಟ್ಟುಬುಡಿ ದೇವಯ್ಯ ಅಂತ ಬಾಯಿ ತೆರೆದಿದ್ದಳು, ಸೀಟಿನ ಬಟ್ಟೆ ಬಿಚ್ಚಿ ಒಗೆಯಬಹುದಾ ನೋಡಿಬಿಡೋಣ ಅಂತ ಅಂಚು ಹಿಡಿದು ಎತ್ತಿದಳು, ಕೆಳಗೆ ಕಪ್ಪು ಪ್ಲಾಸ್ಟಿಕ್ಕು, ನುಣ್ಣಗೆ, ಹೊಳೆಯುವ ಹಾಗೆ, ತಲೆ ಬರುವ ಜಾಗದ ಕೆಳಗೆ ಒಂದು ಬಿಳಿ ಗೆರೆ. ದೂಳಿರಬೇಕು, ಸೆರಗಿನಿಂದ ಒರೆಸಿದಳು, ಹೋಗಲಿಲ್ಲ, ಉಗುಳು ಹಚ್ಚಿ ಒರೆಸಿದಳು, ಇಲ್ಲ, ಸುಣ್ಣದ ದಾರ ಹೊಡೆದಷ್ಟು ಸಣ್ಣ, ಒಂದು ಭುಜದಿಂದ ಇನ್ನೊಂದು ಭುಜದ ತನಕ. ಕಂಪನಿಯ ಗುರುತೋ, ಹಾಗಾದರೆ ಇಷ್ಟು ಸೊಟ್ಟಗೆ ಯಾಕಿದೆ — ಈ ಬಿಳುಪು ಅವಳಿಗೆ ಗೊತ್ತು, ಎಲ್ಲೋ ನೋಡಿದ್ದಾಳೆ, ಮನೆಯ ಹಸಿರು ಕೊಡ, ನಲ್ಲಿಯ ಹತ್ತಿರ ಕೈಜಾರಿ ಬಿದ್ದಿತ್ತು, ಒಡೆದಿರಲಿಲ್ಲ, ಹನಿ ನೀರೂ ಸೋರಿರಲಿಲ್ಲ, ಬಗ್ಗಿದ ಕಡೆ ಹೀಗೇ ಬೆಳ್ಳಗಾಗಿತ್ತು ಅಷ್ಟೆ, ಆಮೇಲೊಂದು ದಿನ ತುಂಬಿದ ಕೊಡವನ್ನು ಸೊಂಟಕ್ಕೆ ಎತ್ತಿದಾಗ ಸರಿಯಾಗಿ ಅಲ್ಲೇ ಬಿರಿದು ಸೀರೆಯೆಲ್ಲ ತೊಯ್ದು, ಯಜಮಾನರು ನಕ್ಕದ್ದೇ ನಕ್ಕದ್ದು. ಕೊಡ ಬಿದ್ದ ಪೆಟ್ಟು ತಾನು ತಿಂದು ನೀರು ಉಳಿಸಿತ್ತು, ಒಂದು ಸಲ, ಎರಡನೆಯ ಸಲಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಹಾಗಾದರೆ ತೊಟ್ಟಿಲ ಲೆಕ್ಕ ಇದಕ್ಕೆ ನಡೆಯುವುದಿಲ್ಲವೇ, ತೊಟ್ಟಿಲು ಮಗುವನ್ನು ತೂಗುತ್ತದೆ, ಯಾವತ್ತೂ ಮರಕ್ಕೆ ಹೊಡೆಯುವುದಿಲ್ಲ, ಇದಾದರೋ ಆ ಒಂದು ಗಳಿಗೆಗೆಂದೇ ಹುಟ್ಟಿದ್ದು, ಆ ಗಳಿಗೆ ಬಂದು ಹೋಗಿದೆ. ಹಾಗಿರಲಾರದು, ತನ್ನ ತಲೆಯೇ ಏನೇನೋ ಕಟ್ಟುತ್ತಿದೆ, ದೇವಯ್ಯನನ್ನು ಕೇಳಿದರೆ ಅವನು ಬಗ್ಗಿ ನೋಡಿ, ಅದೇನ್ ಮಾಡ್ತದೆ ಕಣವ್ವ, ಗೆರೆ ತಾನೆ ಅಂದ. ಅವಳಿಗೂ ಹಾಗೆಯೇ ಅನ್ನಬೇಕೆಂದು ಆಸೆಯಾಯಿತು.

ಫೋನು. ಪೂಜಾ. ಸಿಕ್ತಾಮ್ಮ ಸೀಟು? ಹಿಂದೆ ಪಾಪು ಏನನ್ನೋ ಬಡಿಯುತ್ತಿರುವ ಸದ್ದು, ಡಬಡಬ, ತಟ್ಟೆ ಇರಬೇಕು. ಸಿಕ್ತು ಕಣೇ, ನೀ ಹೇಳ್ದಂಗೆ ಸೆಕೆಂಡ್ಸೇ, ಒಳ್ಳೆ ಕಂಪನೀದು. ಸೆಕೆಂಡ್ಸಾ? ಅಯ್ಯೋ ಅಮ್ಮಾ, ನಾನ್ ಹೇಳಿದ್ದು ಎರಡ್ನೇದು ಅಂತ, ನಮ್ದೊಂದು, ನಿಂದೊಂದು, ಹಳೇದು ತಗೋ ಅಂತ ಯಾರಂದ್ರು? ಉಷಾರಾಣಿಗೆ ನಗು ಉಕ್ಕಿತು, ಹಳೇ ಸೀರೆ, ತೊಟ್ಟಿಲು, ಮನೆಯ ಪದ್ಧತಿ, ಎಲ್ಲ ತಾನೊಬ್ಬಳೇ ಕಟ್ಟಿಕೊಂಡದ್ದು, ಈಗ ಬೈಯುತ್ತಾಳೆ, ಬೈಯಲಿ, ಬೈದು ಬೇಡ ಅಂದುಬಿಡಲಿ, ಆಗ ಬೇಡ ಅಂದವಳು ತಾನಾಗುವುದಿಲ್ಲ. ಪೂಜಾ ಬೈಯಲಿಲ್ಲ. ಹೋಗ್ಲಿ ಬುಡು, ಪಾಪುನ ಚುಂಚನಕಟ್ಟೇಲಿ ಬಿಟ್ಟು ಬರಕ್ಕೆ ನಂಗೂ ಮನಸಿಲ್ಲ, ನೀನೇ ನೋಡಿದೀಯಲ್ಲ, ನೀ ಚೆನ್ನಾಗಿದೆ ಅಂದ್ರೆ ಸಾಕು, ಇವ್ರು ಬ್ಯಾಗ್ ಹಿಡ್ಕೊಂಡು ನಿಂತವ್ರೆ, ಹೇಳಮ್ಮ, ಚೆನ್ನಾಗಿದ್ಯಾ? ಸಾಕಂತೆ, ಅವಳ ಒಂದು ಮಾತು ಸಾಕಂತೆ, ಮರದ ವಿಷಯ ಕೇಳಲಿಲ್ಲ, ಗೆರೆಯ ವಿಷಯ ಕೇಳಲಿಲ್ಲ, ಬಟ್ಟೆ ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ, ತಾನು ನಿಧಾನಕ್ಕೇ ಓಡಿಸುವುದು, ಎಮ್ಮೆ ಕಂಡರೂ ನಿಲ್ಲಿಸುವವಳು, ಒಂದೇ ವಾರ, ಹೊಸದು ಬರುವ ತನಕ, ಅಷ್ಟರಲ್ಲಿ ಏನಾಗಿಬಿಡುತ್ತದೆ — ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಗೆರೆಯ ಮೇಲೆ ಕೂತು ಒತ್ತಿತು. ಗೆರೆ ಬಾಯಿ ಬಿಟ್ಟಿತು. ಕೂದಲೆಳೆಯಷ್ಟು, ಒಳಗೆ ಕತ್ತಲೆ. ಬೆರಳು ತೆಗೆದಳು, ಮುಚ್ಚಿಕೊಂಡಿತು, ಏನೂ ಆಗಿಲ್ಲದ ಹಾಗೆ. ಅಮ್ಮಾ? ಬ್ಯಾಡ ಕಣೇ, ಚೆನ್ನಾಗಿಲ್ಲ, ಪಾಪುನ ಚುಂಚನಕಟ್ಟೆಗೇ ಕಳಿಸು, ಹೊಸದು ತರ್ಸಣ, ಅಂದಳು, ಪಾಪು ತಟ್ಟೆ ಬಡಿಯುತ್ತಲೇ ಇತ್ತು, ಅದರ ಬೆನ್ನು ಇಲ್ಲಿ ಬರುತ್ತದೆ, ಸರಿಯಾಗಿ ಇಲ್ಲಿ, ಇನ್ನೊಂದು ಸಲ ಒತ್ತಿದಳು, ಬಾಯಿ ಬಿಟ್ಟಿತು, ಬಿಟ್ಟಳು, ಮುಚ್ಚಿಕೊಂಡಿತು, ಒತ್ತಿದಳು, ಬಿಳಿ ಗೆರೆ, ಬಾಯಿ ಬಿಟ್ಟಿತು