ಕಮುವೇಲನ ಮೂಗುಗೊಳಲು

ಸುಟ್ಟ ಬಿದಿರಿನ ವಾಸನೆ, ಅಂದರೆ ನಾಹೋವ ಕಾದ ಸರಳಿನಿಂದ ಯಾವುದೋ ಕೊಳಲಿಗೆ ತೂತು ಹಾಕಿದ್ದಾನೆ, ನನ್ನ ಗಂಡನ ತಮ್ಮ, ವಾದ್ಯದ ಈ ಷೆಡ್ಡು ಈಗ ಅವನದೇ, ಬಾಗಿಲಲ್ಲೇ, ನಮ್ಮ ದ್ವೀಪದಲ್ಲಿ ಎಲ್ಲರೂ ಎದುರುಗೊಳ್ಳುವಂತೆ, ನನ್ನ ಮೂಗಿಗೆ ಮೂಗು ತಾಗಿಸಿ ಉಸಿರೆಳೆದುಕೊಂಡ, ಮೂಗು ಅಣ್ಣನದರಂತೆಯೇ ಅಗಲ, ಕರ್ತನೇ, ಇವನನ್ನು ಉಳಿಸಿ ಅವನನ್ನೇಕೆ ಒಯ್ದೆ ಎಂದು ಕೇಳಬಾರದು, ಕೇಳಿದೆ — ಗೋಡೆಯ ತುಂಬ ಸೋರೆಬುರುಡೆಗಳು, ಶಾರ್ಕಿನ ಚರ್ಮ ಬಿಗಿದ ಡೋಲುಗಳು, ಯಾವುದೂ ಬೇಡ, ನನ್ನ ಕಮುವೇಲನ ಕೊಳಲೆಲ್ಲಿ, ಬಿರುಕು ಬಿಟ್ಟಿತ್ತು, ದಾರ ಸುತ್ತಿಕೊಡು ಎಂದಷ್ಟೇ ಹೇಳಿದ್ದೆ, ನಾಳೆಗೆ ಅವನು ಸತ್ತು ಒಂದು ವರ್ಷ, ಕಣ್ಣೀರಿನೂಟ, ಉಂಡು ಅಳು ಮುಗಿಸುವ ಊಟ, ಊಟಕ್ಕೆ ಮೊದಲು ಅದು ಒಮ್ಮೆ ನುಡಿಯಬೇಕು, ಆಮೇಲೆ ಅಳುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟಿದ್ದೇನೆ, ಕೂತ್ಕೊಳ್ಳಿ ಅತ್ತಿಗೆ, ನಾಳೆಯ ಹಂದಿ ಎಷ್ಟು ದಪ್ಪ ಇದೆ, ಅಣ್ಣನಷ್ಟಿದೆಯಾ, ನಗುತ್ತಾನೆ, ನಗಲಿ, ಮದುವೆಗೆ ಮೊದಲು ಕಮುವೇಲ ನನ್ನ ಅಪ್ಪನ ಮನೆಯ ಹಿಂದೆ ಬಾಳೆಯ ಮರೆಯಲ್ಲಿ ಕೂತು, ಒಂದು ಹೊಳ್ಳೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ರಂಧ್ರಕ್ಕಿಟ್ಟು ನುಡಿಸುತ್ತಿದ್ದ, ಯಾರಿಗೋ ನೆಗಡಿಯಾಗಿದೆ, ಹೋಗಿ ನೋಡು ಮಗಳೇ, ಅನ್ನುತ್ತಿದ್ದ ಅಪ್ಪ, ನಾನು ಹೋಗುತ್ತಿದ್ದೆ, ಬಾಯಿ ಬೈಯುತ್ತದೆ, ಸುಳ್ಳಾಡುತ್ತದೆ, ಮೂಗಿನ ಉಸಿರಿಗೆ ಸುಳ್ಳು ಬರದು ಎಂದು ಹಿರಿಯರು ಹೇಳುತ್ತಾರೆ, ದೇವರೂ ಮಣ್ಣಿನ ಮನುಷ್ಯನಿಗೆ ಮೂಗಿನಲ್ಲಿಯೇ ಉಸಿರು ಊದಿದನಲ್ಲ, ಹೊನೊಲುಲು ಆಸ್ಪತ್ರೆಯಲ್ಲಿ ಅದೇ ಮೂಗಿಗೆ ನಳಿಗೆ, ಸಣ್ಣ ಕಪ್ಪು ರಂಧ್ರದೊಳಗೆ ನಳಿಗೆ, ಕರ್ತನೇ, ನೀನು ಊದಿದ್ದನ್ನು ನೀನೇ ಹೀರಿಕೊಂಡೆ, ನಾನು ಆಮೆನ್ ಎಂದೆ, ಹಲ್ಲು ಕಚ್ಚಿ ಎಂದೆ —

ನಾಹೋವ ಕೊಳಲಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದಾನೆ, ದಾರ ಚೆನ್ನಾಗಿ ಸುತ್ತಿದ್ದಾನೆ, ಬಿರುಕು ಕಾಣುವುದೇ ಇಲ್ಲ, ಆದರೆ ರಂಧ್ರ, ಊದುವ ರಂಧ್ರ ಇಷ್ಟು ಅಗಲವಿರಲಿಲ್ಲ, ಅಂಚೆಲ್ಲ ಹೊಸ ಕಪ್ಪು, ಈ ವಾಸನೆ ಇದರದೇ, ತೂತು ದೊಡ್ಡದು ಮಾಡಿದೀನಿ ಅತ್ತಿಗೆ, ನಿಮಗೆ ಉಬ್ಬಸ, ಮೂಗಲ್ಲಿ ಎಲ್ಲಿ ಊದ್ತೀರಿ, ಬಾಯಲ್ಲೇ ಊದಿ, ಪ್ರವಾಸಿಗಳಿಗೆಲ್ಲ ಹೀಗೇ ಮಾಡಿಕೊಡೋದು, ಅವನ ಮುಖದಲ್ಲಿ ಒಳ್ಳೆಯತನವೇ ಇದೆ, ಬೈಯಲು ಒಂದು ಹಿಡಿಯೂ ಸಿಗದಂಥ ಒಳ್ಳೆಯತನ, ಹೊಳ್ಳೆ ಒತ್ತಿ ಊದುತ್ತೇನೆ, ಉಸಿರು ಪಕ್ಕದಿಂದ ಸೋರಿ ಕೆನ್ನೆಗೆ ತಾಗುತ್ತದೆ, ಬರಿ ಗಾಳಿ, ಇನ್ನೊಮ್ಮೆ, ಬರಿ ಗಾಳಿ, ಬಾಯಲ್ಲಿ ಅತ್ತಿಗೆ, ಬಾಯಲ್ಲಿ, ಅನ್ನುತ್ತಾನೆ, ಬಾಯಿ ತೆರೆದರೆ ಏನು ಹೊರಡುತ್ತದೆಂದು ನನಗೆ ಗೊತ್ತು, ತೆರೆಯುವುದಿಲ್ಲ, ನಾಳೆ ಜನ ಉಂಡು ಕಣ್ಣೊರೆಸಿಕೊಂಡು ಹೋಗುತ್ತಾರೆ, ಅಳುವುದಿಲ್ಲ ಎಂದು ನಾನು ಕೊಟ್ಟ ಮಾತು, ಕರ್ತನೇ, ಅದೂ ಸುಳ್ಳಾಡುವ ಈ ಬಾಯಲ್ಲಿ ಕೊಟ್ಟದ್ದೇ — ಈ ರಂಧ್ರ, ನನ್ನ ಬಾಯಿಯಷ್ಟು ಅಗಲ, ಸುಟ್ಟ ಅಂಚು, ರಂಧ್ರ