ಸಾಹುಕಾರನ ಮೈಮೇಲಿನ ಚುಕ್ಕೆಗಳು

ಗಡಿಯಾರ ರಿಪೇರಿಯವನ ಹೆಂಡತಿ ತೀರಿಕೊಂಡ ಮೇಲೆ ಅವಳ ಮಗಳು ದೊಡ್ಡಮ್ಮನ ಊರಿಗೆ ಹೋಗಿ ಅಲ್ಲಿಯೇ ಕಾಲೇಜು ಸೇರಿದಳು. ಹುಡುಗಿ ಹೆಂಡತಿಯ ಮೊದಲ ಮದುವೆಯವಳು. ಈ ಮನೆಗೆ ಬಂದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಶೂ ಲೇಸು ಕಟ್ಟಲು ಕಲಿಸಿದವನು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದವನು ಇವನೇ. ಆದರೂ ಅವಳ ಬಾಯಲ್ಲಿ ಇವನು 'ಅಂಕಲ್' ಆಗಿಯೇ ಉಳಿದ. ದೊಡ್ಡಮ್ಮ ಕರೆದುಕೊಂಡು ಹೊರಟಾಗ 'ಇರಲಿ ಬಿಡಿ ಇಲ್ಲೇ' ಎನ್ನಲು ಇವನಿಗೆ ನಾಲಗೆ ಏಳಲಿಲ್ಲ. ಯಾವ ಹಕ್ಕಿನಿಂದ ಹೇಳುವುದು?

ನಡುಮನೆಯಲ್ಲಿ ಉಳಿದದ್ದು ಉಪ್ಪುನೀರಿನ ಅಕ್ವೇರಿಯಂ. ಅದು ತಾಯಿಮಗಳ ಹುಚ್ಚು. ಒಳಗೆ ಒಂದಿಷ್ಟು ಹವಳ, ಕಲ್ಲಿನ ಸಂದಿಯಲ್ಲಿ ಅವಿತಿರುವ ಸೀಗಡಿಗಳು, ಮತ್ತು ಅಂಗೈಯಗಲದ ಹಳದಿ ಮೀನು. ಯಾರಿಗೋ ಸಾಲ ಕೊಟ್ಟವನಂತೆ ಬಿಗಿದ ಮೋರೆಯಲ್ಲಿ ಓಡಾಡುತ್ತಿದ್ದ ಅದಕ್ಕೆ ಹುಡುಗಿ ಸಾಹುಕಾರ ಎಂದು ಹೆಸರಿಟ್ಟಿದ್ದಳು.

ಫೋನು ಮಾಡಿದರೆ ಅವಳದು 'ಹ್ಞೂ', 'ಚೆನ್ನಾಗಿದೀನಿ', ಅಷ್ಟೇ. ಇವನೂ ಮಾತಿನಲ್ಲಿ ಬಡವ. ಒಂದು ಹೊಸ ಮೀನು ತಂದು ಫೋಟೋ ಕಳಿಸಿದರೆ ನಾಲ್ಕು ಮಾತು ಹೆಚ್ಚು ಆಡಿಯಾಳು ಎನಿಸಿತು. ಒಂದು ಪುಟ್ಟ ನೀಲಿ ಮೀನು ಕೊಂಡುತಂದು ಸೀದಾ ತೊಟ್ಟಿಗೆ ಬಿಟ್ಟ. ಫೋಟೋಗೆ ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಪುಟ್ಟ ಚಿತ್ರ ಬಂತು, ಮಾತು ಬರಲಿಲ್ಲ.

ಮರುವಾರ ಸಾಹುಕಾರ ಕಲ್ಲಿಗೆ ಮೈ ಉಜ್ಜಿಕೊಳ್ಳತೊಡಗಿದ. ಇವನು ಅಂಗಡಿಯಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದು ಗಾಜಿಗೆ ಮುಖ ಆನಿಸಿ ನೋಡಿದ. ರೆಕ್ಕೆಯ ಮೇಲೆ ಪುಡಿಯುಪ್ಪು ಉದುರಿಸಿದಂತೆ ಬಿಳಿ ಕಾಳುಗಳು. ಅದರ ಫೋಟೋ ಹೋದದ್ದೇ ತಡ, ಅವಳೇ ಫೋನು ಮಾಡಿದಳು.

"ಅಂಕಲ್, ಟಾರ್ಚ್ ತಗೊಂಡು ಪಕ್ಕದಿಂದ ಬಿಡಿ. ಚಿನ್ನದ ಧೂಳಿನ ಥರ ಹೊಳೆಯುತ್ತಾ?"

"ಇಲ್ಲ. ಬಿಳಿ. ಬಿಡಿಬಿಡಿ ಕಾಳು."

"ಸದ್ಯ. ಧೂಳಿನ ಥರ ಇದ್ರೆ ಇನ್ನೂ ಕೆಟ್ಟದ್ದು, ಟೈಮೇ ಕೊಡಲ್ಲ. ಇದು ಬಿಳಿಚುಕ್ಕೆ ರೋಗ, ಮೀನಿನ ಮೈಗೆ ಹತ್ತೋ ಹುಳು. ಹೊಸ ಮೀನನ್ನ ಬೇರೆ ಇಟ್ಟು ನೋಡಿ ಆಮೇಲೆ ಬಿಡ್ಬೇಕಿತ್ತು. ಯಾಕೆ ತರೋಕೆ ಹೋದ್ರಿ?"

"ಒಬ್ನೇ ಇದ್ದಾನಲ್ಲ ಅಂತ..."

"ಯಾರು?"

ಇವನು ಟಾರ್ಚ್ ಆರಿಸಿ, "ಸಾಹುಕಾರ" ಎಂದ.

ಮೀನುಗಳೆರಡನ್ನೂ ಬೇರೆ ಟಬ್ಬಿಗೆ ಹಾಕಿ, ತಾಮ್ರದ ಔಷಧಿ ಕೊಡಬೇಕೆಂದಳು. ತೊಟ್ಟಿಗೇ ಸುರಿದರೆ ಸೀಗಡಿ, ಹವಳ ಎಲ್ಲ ಸಾಯುತ್ತವೆ. ಔಷಧಿ ಕಮ್ಮಿಯಾದರೆ ಹುಳು ಸಾಯದು, ಹೆಚ್ಚಾದರೆ ಮೀನೇ ಸಾಯುತ್ತದೆ. ದಿನಾ ನೀರಿಗೆ ಪರೀಕ್ಷೆಯ ಹನಿ ಹಾಕಿ, ಬಂದ ಬಣ್ಣವನ್ನು ಚೀಟಿಯ ಬಣ್ಣಕ್ಕೆ ಹೋಲಿಸಬೇಕು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈಗೆ ಹನಿ ಎಣಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಂಜೆ ಫೋನು ಬರುವವರೆಗೆ ಅಂಗಡಿಯ ಅಷ್ಟೂ ಗಡಿಯಾರಗಳ ನಡುವೆ ಕೂರುವುದು.

ನೀಲಿ ಮೀನು ಸತ್ತಿತು. ಸಾಹುಕಾರನ ಚುಕ್ಕೆಗಳು ಮಾತ್ರ ಒಂದು ಬೆಳಿಗ್ಗೆ ಮಾಯವಾಗಿದ್ದವು. ಇವನು ಹಿಗ್ಗಿ ಹೇಳಿದರೆ ಅವಳು ಹಿಗ್ಗಲಿಲ್ಲ.

"ಅದೇ ಅದರ ಆಟ ಅಂಕಲ್. ಉದುರಿ ತಳಕ್ಕೆ ಹೋಗಿ ಮರಿ ಮಾಡುತ್ವೆ. ಒಂದಕ್ಕೆ ನೂರಾಗಿ ಮತ್ತೆ ಹತ್ತುತ್ವೆ. ಔಷಧಿ ನಿಲ್ಲಿಸ್ಬೇಡಿ. ಅಲ್ಲಿ ತೊಟ್ಟೀಲೂ ಮೀನು ಬೇಡ. ಹತ್ತೋಕೆ ಮೀನು ಸಿಗದಿದ್ರೆ ತಾವೇ ಸಾಯುತ್ವೆ. ಎರಡು ತಿಂಗಳಾದ್ರೂ ಬೇಕು."

ಎರಡು ತಿಂಗಳು! ಇವನಿಗೆ ಒಳಗೊಳಗೇ ಆದದ್ದು ಸಂತೋಷ. ಮೀನಿನ ಮುಂದೆ ಕೂತು ನಾಚಿಕೊಂಡ.

ಸಾಹುಕಾರ ತಿನ್ನುವುದು ಬಿಟ್ಟಾಗ ಅವಳು ಒಣಗಿದ ಕಡಲಪಾಚಿಯನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೈಯಲ್ಲೇ ಹಿಡಿಯಲು ಹೇಳಿದಳು. "ಅಮ್ಮ ಹಂಗೇ ತಿನ್ನಿಸ್ತಿದ್ಲು. ಅವನ ಹತ್ರ ಮಾತಾಡ್ತಾ."

"ಏನಂತ ಮಾತಾಡ್ತಿದ್ಲು?"

"ನಿಮ್ಮ ಮೇಲೆ ಚಾಡಿ. ಗಡಿಯಾರವಾದ್ರೂ ಟಿಕ್ ಟಿಕ್ ಅನ್ನುತ್ತೆ, ನನ್ನ ಗಂಡ ಅದೂ ಅನ್ನಲ್ಲ ಅಂತ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವಳ ದನಿ ತಾಯಿಯದೇ ಆಗಿಬಿಟ್ಟಿತು. ಇವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಸಂಜೆ ಟಬ್ಬಿನೊಳಗೆ ಮೊಣಕೈವರೆಗೆ ಕೈಯಿಟ್ಟು ಕೂತಿದ್ದಾಗ, ಬೆರಳ ತುದಿಯ ಪಾಚಿಯನ್ನು ಸಾಹುಕಾರ ಚಕ್ಕನೆ ಕಚ್ಚಿಕೊಂಡು ಹೋದ.

ಮೀನು ಚೇತರಿಸಿಕೊಂಡಂತೆ ಹೇಳಲು ಸುದ್ದಿ ಕಮ್ಮಿಯಾಯಿತು, ಫೋನೂ ವಿರಳವಾಯಿತು. ಇನ್ನೊಂದು ಚುಕ್ಕೆ ಕಂಡಿತು ಎಂದು ಸುಳ್ಳು ಹೇಳಿಬಿಡಲೇ ಎಂದು ಒಮ್ಮೆ ಯೋಚಿಸಿದ. ಮನಸ್ಸು ಒಪ್ಪಲಿಲ್ಲ. ಬದಲಿಗೆ ಅಂಗಡಿಯಿಂದಲೇ ಫೋನು ಮಾಡಿದ.

"ಏನಾಯ್ತು? ಮತ್ತೆ ಬಂತಾ?" ಅವಳಿಗೆ ಗಾಬರಿ.

"ಇಲ್ಲ ಮರಿ. ಅವನು ಗುಂಡುಕಲ್ಲಿನ ಹಾಗಿದ್ದಾನೆ. ಸುಮ್ನೆ ಮಾಡ್ದೆ."

ಅವಳು ದೊಡ್ಡಮ್ಮನ ಮನೆಯ ಗದ್ದಲ, ಒಂದೇ ಕೋಣೆಯಲ್ಲಿ ಮೂವರು ಮಲಗುವುದು, ಹೊದಿಕೆ ಎಳೆದುಕೊಳ್ಳುವ ದೊಡ್ಡಮ್ಮನ ಮಗಳು, ಎಲ್ಲ ಹೇಳಿಕೊಂಡಳು. ಗಿರಾಕಿಯೊಬ್ಬ ಕಾದು ಕಾದು ಹೊರಟುಹೋದ.

ರಜೆಗೆ ಅವಳು ಬಂದಳು. ತೊಟ್ಟಿಯಲ್ಲಿ ಮೀನಿಲ್ಲದ ಎರಡು ತಿಂಗಳು ಅಷ್ಟರಲ್ಲಿ ತುಂಬಿತ್ತು. ಇಬ್ಬರೂ ಸೇರಿ ಸಾಹುಕಾರನನ್ನು ಹಳೇ ಮನೆಗೆ ಬಿಟ್ಟರು. ಅವನು ಕಲ್ಲುಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬಂದ. ಎರಡು ದಿನ ಮನೆಯ ತುಂಬ ಅವಳ ಓಡಾಟ, ಅವಳ ಒದ್ದೆ ಟವೆಲ್ಲು. ಮೂರನೆಯ ದಿನ ಬಸ್ಸು.

ಸಂಜೆ ಫೋನು ಬಂತು. "ತಲುಪಿದೆ ಅಂಕಲ್. ಸಾಹುಕಾರ ತಿಂದ್ನಾ?"

"ತಿಂದ."

"ನೀವು?"

ಇವನು ಒಲೆಯ ಕಡೆ ನೋಡಿದ. ಹಚ್ಚಿರಲಿಲ್ಲ. "ಮರಿ, ನೀನು ಹೋದ್ಮೇಲೆ ಮನೆ ಬಿಕೋ ಅಂತಿದೆ ಕಣೇ."

"ಗೊತ್ತು" ಎಂದಳು ಹುಡುಗಿ. ಹಿಂದೆ ಯಾರದೋ ಜಗಳ, ಪಾತ್ರೆಯ ಸದ್ದು. ಅವಳು ಬಾಗಿಲು ಹಾಕಿಕೊಂಡಿರಬೇಕು, ಸದ್ದು ಸಣ್ಣಗಾಯಿತು. "ಇಷ್ಟು ಜನ ಇದ್ರೂ ನಂಗಿಲ್ಲಿ ಹಂಗೇ ಆಗುತ್ತೆ."

ಇಬ್ಬರೂ ಫೋನು ಇಡಲಿಲ್ಲ.