ಕಾರಣದ ಕಾಲಂ

ಹಾಸನದ ಗ್ರಾಹಕರ ವೇದಿಕೆಯಲ್ಲಿ ವಿಚಾರಣೆ ಇದ್ದದ್ದು ಸೋಮವಾರ. ಶುಕ್ರವಾರದಿಂದಲೇ ಮಧುಕುಮಾರ ಕುಂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅರಸೀಕೆರೆಯ ವಕೀಲ ಭೀಮರಾಜ್ ಅವರ ಆಫೀಸಿನಲ್ಲಿ ಆಗಲೇ ಮೂರು ಸಲ ಎದ್ದು ಮೂರು ಸಲ ಕೂತಿದ್ದ. ಹಳೇಬೀಡಿನ ಮನೆಮನೆಗೂ ಕಾಗದ ಹಂಚುವ ಪೋಸ್ಟ್‌ಮ್ಯಾನ್ ಅವನು. ಈವತ್ತು ಒಂದೇ ಒಂದು ಕಾಗದಕ್ಕೆ ಹೆದರಿ ಹೀಗೆ ಒದ್ದಾಡುತ್ತಿದ್ದ.

ನಾಲ್ಕು ವರ್ಷದ ಹಿಂದೆ, ಮಗಳು ಧನುಶ್ರೀಗೆ ಒಂದೂವರೆ ವರ್ಷವಾದಾಗ, ಪೇಟೆಯ ನರ್ಸಿಂಗ್ ಹೋಮೊಂದರಲ್ಲಿ ಚುಚ್ಚುಮದ್ದು ಹಾಕಿಸಿದ್ದರು. ಸೂಜಿ ಕುಂಡಿಯ ನರಕ್ಕೆ ತಗುಲಿತು. ಮಾರನೆಯ ಬೆಳಿಗ್ಗೆ ಮಗುವಿನ ಎಡಪಾದ ಜೋತುಬಿದ್ದಿತ್ತು. ಅಲ್ಲಿಯವರು ‘ಇದು ಪೋಲಿಯೋ, ನಮ್ಮ ತಪ್ಪಲ್ಲ’ ಎಂದು ಕೈ ತೊಳೆದುಕೊಂಡರು. ಅದನ್ನು ಕೇಳಿ ಉರಿದುಬಿದ್ದವಳು ಹೆಂಡತಿ ಆಶಾರಾಣಿ. ಉರಿಯದೆ ಇರುತ್ತಾಳೆಯೇ? ಮಾದಿಹಳ್ಳಿಯ ಅಂಗನವಾಡಿ ಟೀಚರ್ ಅವಳು, ಊರ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕುವವಳು. ‘ಊರಿಗೆಲ್ಲ ಹನಿ ಹಾಕ್ತಾಳೆ, ಸ್ವಂತ ಮಗೀಗೆ ಹಾಕ್ನಿಲ್ಲ’ ಎಂಬ ಮಾತು ನಲ್ಲಿಯ ಹತ್ತಿರ ಹುಟ್ಟಿ ಹಾಲಿನ ಡೈರಿಯವರೆಗೂ ಹರಿದಾಡಿತು. ಪರಿಹಾರಕ್ಕೆ ಕೇಸು ಹಾಕಲೇಬೇಕೆಂದು ಪಟ್ಟು ಹಿಡಿದವಳೂ ಅವಳೇ.

ಭೀಮರಾಜ್, ಎದುರು ಪಕ್ಷದವರು ಕೊಟ್ಟಿದ್ದ ಜೆರಾಕ್ಸ್ ಪ್ರತಿಯನ್ನು ಮುಂದೆ ತಳ್ಳಿದರು. ಮಗಳ ಅಂಗವಿಕಲರ ಬಸ್ ಪಾಸಿಗೆ ಎರಡು ವರ್ಷದ ಹಿಂದೆ ಹಾಕಿದ್ದ ಅರ್ಜಿ. ‘ಕಾರಣ’ ಎಂಬ ಕಾಲಮಿನಲ್ಲಿ ಗುಂಡುಗುಂಡಾಗಿ ‘ಪೋಲಿಯೋ’ ಎಂದಿತ್ತು.

“ಯಾರ ಕೈಬರಹ ಇದು?”

“ನಂದೇ ಸಾರ್. ಸೂಜಿ ಅಂತ ಬರೆದ್ರೆ ನೂರೆಂಟು ಪ್ರಶ್ನೆ ಕೇಳ್ತಾರೆ, ಪೋಲಿಯೋ ಅಂತ ಹಾಕಿ, ಇವತ್ತೇ ಸೈನ್ ಆಯ್ತದೆ ಅಂದ ಪಾಸಿನ ಆಫೀಸಿನ ಗುಮಾಸ್ತ. ಮಗೂನ ವಾರಕ್ಕೆರಡು ಸಲ ಹಾಸನಕ್ಕೆ ಕಾಲಿನ ವ್ಯಾಯಾಮಕ್ಕೆ ಕರ್ಕೊಂಡು ಹೋಗ್ಬೇಕಿತ್ತು. ಬರೆದ್ಬಿಟ್ಟೆ.”

“ಮನೆಯವರಿಗೆ ಗೊತ್ತಾ?”

“ಇಲ್ಲ.”

ವಕೀಲರು ಕನ್ನಡಕ ತೆಗೆದಿಟ್ಟರು. “ಒಂದು ದಾರಿ ಇದೆ. ಮನೆಯಾಕೆ ಹೇಳಿದ್ದನ್ನ ಬರೆದೆ, ಆಕೆಗೆ ಆಗ ಸರಿಯಾಗಿ ತಿಳಿದಿರಲಿಲ್ಲ ಅನ್ನಿ. ತಾಯಿ ಗಾಬರೀಲಿ ಏನೋ ಅಂದ್ಲು ಅಂದ್ರೆ ನಂಬ್ತಾರೆ. ನೀವೇ ಗೊತ್ತಿದ್ದೂ ಸುಳ್ಳು ಬರೆದ್ರಿ ಅಂದ್ರೆ ನಿಮ್ಮ ಯಾವ ಮಾತನ್ನೂ ನಂಬೋದಿಲ್ಲ. ಆಕೇನ ಕೇಳ್ಕೊಂಡು ಬನ್ನಿ.”

ಆಶಾರಾಣಿ ಹೊರಗೆ ಬೆಂಚಿನ ಮೇಲೆ ಮಗಳ ಬೂಟಿನ ಪಟ್ಟಿ ಬಿಗಿಯುತ್ತಿದ್ದಳು. ಮಧುಕುಮಾರ ಜಗುಲಿಯ ಮೇಲೆ ಎರಡು ಸಲ ಅತ್ತಿಂದಿತ್ತ ನಡೆದ. ಆಮೇಲೆ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ವಕೀಲರ ದಾರಿಯನ್ನೂ ಹೇಳಿದ. ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ.

“ಹಂಗಂದ್ರೆ ಕೇಸು ಉಳೀತದಾ?” ಎಂದು ಕೇಳಿದಳು.

“ಉಳೀಬೋದಂತೆ.”

“ಹಂಗೇ ಹೇಳಿ. ನನ್ನ ಹೆಸ್ರು ಕೆಟ್ಟು ಬಾಳ ದಿನ ಆಯ್ತು. ಮಗೀಗಾದ್ರೂ ಒಂದು ದಾರಿ ಆಗ್ಲಿ.”

ಊರವರು ಇವಳ ಮೇಲೆ ಹೊರಿಸಿದ್ದನ್ನು ಈಗ ಗಂಡನೇ ವೇದಿಕೆಯ ಮುಂದೆ ನಿಂತು ಹೊರಿಸಬೇಕು, ಅದಕ್ಕೆ ಇವಳು ತಲೆ ಬೇರೆ ಕೊಡುತ್ತಿದ್ದಾಳೆ. ತಿರುಗಿ ಒಳಗೆ ಹೋದ.

“ಸಾರ್, ಗೊತ್ತಿದ್ದೂ ನಾನೇ ಸುಳ್ಳು ಬರೆದೆ ಅಂತ ಅಫಿಡವಿಟ್ ಮಾಡಿ. ಆಕೆ ಒಂದು ಹನೀನೂ ತಪ್ಪಿಸಿಲ್ಲ ಅಂತಾನೂ ಸೇರ್ಸಿ. ಹನಿ ಹಾಕ್ಸಿದ ಕಾರ್ಡೈತೆ.”

“ಕೇಸು ಬಿದ್ದೋಗ್ಬೋದು ಕಣ್ರೀ. ಪಾಸಿಗೂ ತೊಂದ್ರೆ.”

“ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ ಸಾರ್. ಬರೀರಿ.”

ಟೈಪಾದ ಹಾಳೆಗೆ ಸಹಿ ಹಾಕಿದ. ಹೊರಗೆ ಬಂದು ಹೆಂಡತಿಗೆ ಹೇಳಿದ. ಹೇಳಿದ ಮೇಲಾದರೂ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದ.

ಆಶಾರಾಣಿ ಬೆಂಚಿನಿಂದ ಎದ್ದಳು. “ನೀವು ಇದನ್ನ ಬರೆದ್ಮೇಲೂ ಪೋಲಿಯೋ ಅಲ್ಲ, ಸೂಜಿ ಅಂತ ಎರಡು ವರ್ಷ ಸಿಕ್ಕಸಿಕ್ಕೋರ ಜೊತೆ ಜಗಳ ಆಡ್ದೆ. ಆವಾಗೆಲ್ಲ ನೀವು ನನ್ನ ಪಕ್ಕದಲ್ಲೇ ನಿಂತಿರ್ತಿದ್ರಿ ಅಲ್ವಾ?”

“ಹೂಂ,” ಅಂದ.

ಮಗಳನ್ನು ಎತ್ತಿಕೊಳ್ಳಲು ಅವನು ಕೈ ಚಾಚಿದ. ಆಶಾರಾಣಿ ಮಗುವನ್ನು ತಾನೇ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು.